ಕೆರಿಬಿಯನ್ ಕ್ರೂಸ್‌ನಲ್ಲಿ ಸ್ನಾರ್ಕೆಲಿಂಗ್: ಮನೆಮಂದಿಗೆಲ್ಲ ಹಿತವಾಗುವ ಪ್ರವಾಸವನ್ನು ಆರಿಸುವ ಬಗೆ

ಕ್ರೂಸ್ ಕಂಪನಿಯ ವೆಬ್‌ಸೈಟಿನಲ್ಲಿ ಸ್ನಾರ್ಕೆಲಿಂಗ್ (ಕಣ್ಣು ಮೂಗು ಮುಚ್ಚುವ ಮಾಸ್ಕ್ ತೊಟ್ಟು, ಬಾಯಲ್ಲಿ ಕೊಳವೆ ಕಚ್ಚಿ ಉಸಿರಾಡುತ್ತಾ, ನೀರಿನ ಮೇಲೆ ತೇಲಿ ಕೆಳಗಿನ ಹವಳ, ಮೀನುಗಳನ್ನು ನೋಡುವುದು) ಎಂದು ಹುಡುಕಿದರೆ ಒಂದೊಂದು ಬಂದರಿಗೂ ಸಾಲುಸಾಲು ಪ್ರವಾಸಗಳು ಬರುತ್ತವೆ. ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ: ತಿಳಿನೀಲಿ ನೀರು, ಹಳದಿ ಮೀನು, ನಗುವ ಮುಖ. ಆ ಚಿತ್ರ ನೋಡಿ ಹಣ ಕಟ್ಟುವವರು ಬಹಳ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬಂದ ಅಪ್ಪ ಅಮ್ಮನನ್ನು ಮಯಾಮಿ ಅಥವಾ ಗ್ಯಾಲ್ವೆಸ್ಟನ್ ಬಂದರಿನಿಂದ ಹಡಗು ಹತ್ತಿಸುವ ಕನ್ನಡ ಕುಟುಂಬಗಳೂ ಹೀಗೆಯೇ ಆರಿಸುವುದನ್ನು ನೋಡಿದ್ದೇನೆ. ಅಂಥವರಿಗೆ ನಾನು ಹೇಳುವುದು ಇಷ್ಟು: ಹವಳ ಎಷ್ಟು ಸೊಗಸಾಗಿದೆ ಎಂಬುದನ್ನು ಆಮೇಲೆ ನೋಡಿ. ನೀರಿಗೆ ಹೇಗೆ ಇಳಿಯಬೇಕು, ನೀರಿನಿಂದ ಹೇಗೆ ಹತ್ತಿ ಬರಬೇಕು, ಅಲ್ಲಿಗೆ ಹೋಗಿ ಬರಲು ಎಷ್ಟು ಹೊತ್ತು ದೋಣಿಯಲ್ಲಿ ಕುಲುಕಾಡಬೇಕು, ಇದನ್ನು ಮೊದಲು ಕೇಳಿ. ಆ ದಿನದ ಸುಖ ನಿಂತಿರುವುದು ಇದರ ಮೇಲೆ.

ಮೊದಲು ಮನೆಯವರನ್ನು ನೋಡಿ, ಆಮೇಲೆ ಪಟ್ಟಿಯನ್ನು

ಪ್ರವಾಸಗಳ ಪಟ್ಟಿ ತೆರೆಯುವ ಮುಂಚೆ ಮನೆಯವರೆಲ್ಲ ಒಂದು ಸಂಜೆ ಕೂತು ಮಾತನಾಡಿ. ಯಾರಿಗೆ ಈಜು ಬರುತ್ತದೆ? ಬಾವಿಯಲ್ಲೋ ಕೆರೆಯಲ್ಲೋ ಚಿಕ್ಕಂದಿನಲ್ಲಿ ಈಜಿದವರು ಈಗಲೂ ಈಜಬಲ್ಲರೇ? ಯಾರಿಗೆ ಮಂಡಿ ನೋವಿದೆ, ಯಾರಿಗೆ ಸೊಂಟ ಹಿಡಿದುಕೊಳ್ಳುತ್ತದೆ, ಯಾರಿಗೆ ದೋಣಿ ಅಲುಗಾಡಿದರೆ ವಾಂತಿ ಬರುತ್ತದೆ? ಕನ್ನಡಕವಿಲ್ಲದೆ ಎಷ್ಟು ದೂರ ಕಾಣುತ್ತದೆ? ನೀರಿನ ಭಯವನ್ನು ನಮ್ಮ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ‘ನನಗೇನೂ ತೊಂದರೆಯಿಲ್ಲ, ನಿಮ್ಮ ಜೊತೆ ಬರುತ್ತೇನೆ’ ಎನ್ನುತ್ತಾರೆ. ಆ ಮಾತನ್ನು ಒಪ್ಪಿಗೆ ಎಂದು ತೆಗೆದುಕೊಳ್ಳದೆ ಇನ್ನೊಮ್ಮೆ ಮೆಲ್ಲಗೆ ಕೇಳಿ.

ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ಕೊಳವೆಯ ಮೂಲಕ ಉಸಿರೆಳೆಯುವಾಗ ಎದೆಗೆ ಮಾಮೂಲಿಗಿಂತ ಹೆಚ್ಚು ಶ್ರಮ ಬೀಳುತ್ತದೆ. ಹವಾಯಿಯಲ್ಲಿ ಸ್ನಾರ್ಕೆಲಿಂಗ್ ಸಾವುಗಳ ಬಗ್ಗೆ ನಡೆದ ಅಧ್ಯಯನವೊಂದು, ನೀರು ಕುಡಿಯದಿದ್ದರೂ ಹೀಗೆ ಬಲವಂತವಾಗಿ ಉಸಿರೆಳೆಯುವುದರಿಂದ ಶ್ವಾಸಕೋಶದಲ್ಲಿ ದ್ರವ ತುಂಬಿ ಕೆಲವರು ಕುಸಿಯಬಹುದು ಎಂದು ಎಚ್ಚರಿಸಿದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹಿರಿಯರನ್ನು ಸೆಳೆತವಿರುವ ಜಾಗಕ್ಕೆ, ದೂರ ಈಜಬೇಕಾದ ಜಾಗಕ್ಕೆ ಕರೆದೊಯ್ಯಬೇಡಿ ಎಂಬುದಕ್ಕೆ ಇದು ಗಟ್ಟಿ ಕಾರಣ.

ಇಷ್ಟಾದ ಮೇಲೆ ಎರಡೇ ದಾರಿ. ಎಲ್ಲರೂ ಒಟ್ಟಿಗೆ ಹೋಗುವುದಾದರೆ ಗುಂಪಿನಲ್ಲಿ ಅತ್ಯಂತ ಅಶಕ್ತರಾದವರಿಗೆ ಒಗ್ಗುವ ಪ್ರವಾಸವನ್ನು ಆರಿಸಿ. ಇಲ್ಲವೇ ಗುಂಪನ್ನು ಒಡೆಯಿರಿ: ಒಂದು ಬಂದರಿನಲ್ಲಿ ಎಲ್ಲರೂ ಸೇರಿ ಸುಲಭದ ಜಾಗಕ್ಕೆ, ಇನ್ನೊಂದರಲ್ಲಿ ಈಜು ಬಲ್ಲ ಕಿರಿಯರು ಮಾತ್ರ ದೂರದ ಹವಳಕ್ಕೆ. ಎರಡನೆಯದೇ ನನಗೆ ಹೆಚ್ಚು ಇಷ್ಟ. ಯಾರೂ ಯಾರಿಗಾಗಿಯೂ ಮನಸ್ಸು ಸಣ್ಣದು ಮಾಡಿಕೊಳ್ಳಬೇಕಾಗುವುದಿಲ್ಲ.

ಯಾವ ಬಂದರಿನಲ್ಲಿ ಸ್ನಾರ್ಕೆಲಿಂಗ್ ಮಾಡಬೇಕು

ನಾಲ್ಕು ಬಂದರುಗಳಲ್ಲಿ ಹಡಗು ನಿಂತರೆ ನಾಲ್ಕರಲ್ಲೂ ನೀರಿಗಿಳಿಯಬೇಕಿಲ್ಲ. ಹಡಗು ನೇರವಾಗಿ ಕಟ್ಟೆಗೆ ತಾಗಿ ನಿಲ್ಲುತ್ತದೆಯೇ, ಅಥವಾ ದೂರದಲ್ಲಿ ಲಂಗರು ಹಾಕಿ ಟೆಂಡರ್ ಎಂಬ ಚಿಕ್ಕ ದೋಣಿಗಳಲ್ಲಿ ದಡ ಮುಟ್ಟಿಸುತ್ತದೆಯೇ ಎಂಬುದನ್ನು ಮೊದಲು ನೋಡಿ. ಟೆಂಡರ್ ಬಂದರಿನಲ್ಲಿ ಸಾಲು, ಕಾಯುವಿಕೆ, ದೋಣಿ ಹತ್ತುವಾಗ ಇಳಿಯುವಾಗಿನ ಅಲುಗಾಟ ಎಲ್ಲವೂ ಇರುತ್ತವೆ. ಅದರ ಮೇಲೆ ಇನ್ನೊಂದು ದೋಣಿ ಪ್ರಯಾಣ ಹೇರಿದರೆ ಹಿರಿಯರು ಸುಸ್ತಾಗುತ್ತಾರೆ.

ಪಶ್ಚಿಮ ಕೆರಿಬಿಯನ್ ಮಾರ್ಗದಲ್ಲಿ ಹೋಗುವವರಿಗೆ ನನ್ನ ಮೊದಲ ಸಲಹೆ ಮೆಕ್ಸಿಕೋದ ಕೊಜುಮೆಲ್. ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ. ಮೆಕ್ಸಿಕೋದಿಂದ ಬೆಲೀಜ್, ಗ್ವಾಟೆಮಾಲ ದಾಟಿ ಹೊಂಡುರಾಸ್‌ವರೆಗೆ ಚಾಚಿರುವ ಮೆಸೊಅಮೆರಿಕನ್ ಹವಳದ ಸಾಲಿನ ಭಾಗ ಈ ದ್ವೀಪದ ಪಕ್ಕದಲ್ಲೇ ಹಾದುಹೋಗುತ್ತದೆ. ಪಶ್ಚಿಮ ದಡ ಗಾಳಿಯ ಮರೆಯಲ್ಲಿರುವುದರಿಂದ ಅಲೆ ಸಾಮಾನ್ಯವಾಗಿ ಕಡಿಮೆ. ಆದರೆ ಇಲ್ಲಿ ನೀರಿನ ಸೆಳೆತವಿದೆ, ಅದನ್ನು ಹಗುರವಾಗಿ ಕಾಣಬಾರದು. ಪಲಂಕಾರ್, ಕೊಲಂಬಿಯಾ ಎಂಬ ಹೆಸರಾಂತ ಹವಳದ ತಾಣಗಳಲ್ಲಿ ನೀವು ಸೆಳೆತದ ಜೊತೆ ತೇಲುತ್ತಾ ಹೋಗುತ್ತೀರಿ, ದೋಣಿ ಹಿಂಬಾಲಿಸಿ ಬಂದು ಎತ್ತಿಕೊಳ್ಳುತ್ತದೆ. ಈಜು ಬಲ್ಲವರಿಗೆ ಇದು ಕಾಲು ಆಡಿಸದೆ ತೋಟ ಸುತ್ತಿದ ಹಾಗೆ. ಹೊಸಬರು ಮಾತ್ರ ನೆಲ ಕಾಲಿಗೆ ಸಿಗದ ಆ ನೀರಿನಲ್ಲಿ ಗಾಬರಿಯಾಗುತ್ತಾರೆ. ಅವರಿಗೆ ಚಂಕಾನಾಬ್ ಉದ್ಯಾನ ಒಳ್ಳೆಯದು. ಟ್ಯಾಕ್ಸಿಯಲ್ಲಿ ಹೋಗಿ, ಲಾಕರಿನಲ್ಲಿ ಸಾಮಾನು ಇಟ್ಟು, ದಡದಿಂದಲೇ ಮೆಟ್ಟಿಲು ಹಿಡಿದು ನೀರಿಗಿಳಿಯಬಹುದು. ಬೇಡವೆನಿಸಿದ ಕ್ಷಣ ಹತ್ತಿ ಬಂದು ನೆರಳಲ್ಲಿ ಕೂರಬಹುದು. ಎಲ್ ಸಿಯೆಲೋ ಎಂಬ ಮರಳಿನ ಆಳವಿಲ್ಲದ ತಾಣವೂ ಹಿರಿಯರಿಗೆ ಹಿತ. ಅಲ್ಲಿ ನಕ್ಷತ್ರಮೀನುಗಳನ್ನು ನೋಡಬಹುದು. ಫೋಟೋಗಾಗಿ ಅವನ್ನು ನೀರಿನಿಂದ ಮೇಲೆ ಎತ್ತಬೇಡಿ, ಅದರಿಂದ ಅವು ಸಾಯಬಹುದು.

ಹೊಂಡುರಾಸ್‌ನ ರೊಆಟಾನ್ ದ್ವೀಪದ ವೆಸ್ಟ್ ಬೇ ಕಡಲತೀರವನ್ನು ನಾನು ಕೊಜುಮೆಲ್‌ಗೆ ಸಮಾನವಾಗಿ ಇಡುತ್ತೇನೆ. ಬಿಳಿ ಮರಳಿನ ದಡ, ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಹವಳ. ಈಜು ಬಾರದವರು ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ನೀರಲ್ಲಿರುವವರು ಕಣ್ಣಿಗೆ ಕಾಣುತ್ತಲೇ ಇರುತ್ತಾರೆ. ಮೊಮ್ಮಕ್ಕಳು ನೀರಿನಲ್ಲಿರುವಾಗ ಅಜ್ಜಿಯರಿಗೆ ಇದು ಸಣ್ಣ ವಿಷಯವಲ್ಲ.

ಗ್ರ್ಯಾಂಡ್ ಕೇಮನ್ ಟೆಂಡರ್ ಬಂದರು. ಜಾರ್ಜ್‌ಟೌನ್ ಎದುರು ಹಡಗು ಲಂಗರು ಹಾಕುತ್ತದೆ. ಪಶ್ಚಿಮದ ಕಡಲು ಒರಟಾದರೆ ದಕ್ಷಿಣ ದಡದ ಸ್ಪಾಟ್ಸ್ ಎಂಬಲ್ಲಿಗೆ ಹೋಗುವುದೂ ಉಂಟು. ಹಡಗಿನ ಮೂಲಕವಲ್ಲದೆ ಹೊರಗಿನಿಂದ ಪ್ರವಾಸ ಕಾದಿರಿಸಿದವರು ಹಾಗಾದಾಗ ಎಲ್ಲಿ ಸೇರಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಇಲ್ಲಿನ ಹೆಸರುವಾಸಿ ಜಾಗ ಸ್ಟಿಂಗ್‌ರೇ ಸಿಟಿಯ ಮರಳದಿಬ್ಬ. ಹಿಂದೆ ಮೀನುಗಾರರು ಈ ಶಾಂತ ನೀರಿಗೆ ಬಂದು ಮೀನು ಕೊಯ್ದು ಉಳಿದದ್ದನ್ನು ಎಸೆಯುತ್ತಿದ್ದರು, ಅದನ್ನು ತಿನ್ನಲು ಬಂದ ಸ್ಟಿಂಗ್‌ರೇಗಳು, ನಮ್ಮ ಕರಾವಳಿಯವರು ತೊರಕೆ ಎನ್ನುವ ಜಾತಿಯವು, ಅಲ್ಲೇ ಪಳಗಿದವು. ಸೊಂಟದ ಮಟ್ಟದ ನೀರು, ಕಾಲಡಿಗೆ ಮರಳು. ಈಜು ಬಾರದವರಿಗೂ ಆಗುತ್ತದೆ. ಕಾಲೆತ್ತಿ ಇಡದೆ ಮರಳಿನ ಮೇಲೆ ಉಜ್ಜುತ್ತಾ ನಡೆಯಿರಿ. ಮೀನನ್ನು ತುಳಿದರೆ ಬಾಲದ ಮುಳ್ಳಿನ ಅಪಾಯ. ಇದರ ಜೊತೆಗೆ ಹವಳದ ಹತ್ತಿರ ಇನ್ನೊಂದು ನಿಲುಗಡೆ ಸೇರಿರುವ ಪ್ರವಾಸವನ್ನು ತೆಗೆದುಕೊಂಡರೆ ಎಲ್ಲರಿಗೂ ಏನಾದರೊಂದು ಸಿಕ್ಕಂತಾಗುತ್ತದೆ.

ಬೆಲೀಜ್ ಸಿಟಿಯ ಬಗ್ಗೆ ಎಚ್ಚರಿಕೆಯಿಂದ ಹೇಳಬೇಕು. ಹವಳ ಅಲ್ಲಿ ಅದ್ಭುತವಾಗಿದೆ. 1987ರಲ್ಲಿ ರಕ್ಷಿತ ಪ್ರದೇಶವಾದ ಹೋಲ್ ಚಾನ್, ಅದರ ಭಾಗವಾದ ಶಾರ್ಕ್ ರೇ ಆ್ಯಲಿಯಲ್ಲಿ ಸುತ್ತಾಡುವ ನರ್ಸ್ ಶಾರ್ಕ್‌ಗಳು ಮರೆಯಲಾಗದ ನೋಟ. ಆದರೆ ಕರಾವಳಿಯ ನೀರು ಆಳವಿಲ್ಲದ ಕಾರಣ ಹಡಗು ದಡದಿಂದ ಹಲವು ಮೈಲಿ ಆಚೆಯೇ ನಿಲ್ಲುತ್ತದೆ. ಟೆಂಡರ್ ಪ್ರಯಾಣವೇ ದೀರ್ಘ, ಅಲ್ಲಿಂದ ಹೋಲ್ ಚಾನ್‌ಗೆ ವೇಗದ ದೋಣಿಯಲ್ಲಿ ಮತ್ತೆ ಒಂದು ಗಂಟೆಗೂ ಹೆಚ್ಚು. ಸೊಂಟ ನೋವಿನವರನ್ನು ಇಲ್ಲಿಗೆ ಕರೆದೊಯ್ಯಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಬೆಲೀಜ್‌ನಲ್ಲಿ ಹಿರಿಯರು ಹಡಗಿನಲ್ಲೇ ವಿಶ್ರಾಂತಿ ಪಡೆಯಲಿ, ಕಿರಿಯರು ಹೋಗಿ ಬರಲಿ.

ಪೂರ್ವದ ಮಾರ್ಗದಲ್ಲಿ ಸೇಂಟ್ ಥಾಮಸ್ ಬಂದರಿನಿಂದ ಹೊರಡುವ, ಎರಡು ತಳಗಳ ಕಟಮರಾನ್ ದೋಣಿಗಳು ಬಕ್ ಐಲ್ಯಾಂಡ್ ಬಳಿ ಕಡಲಾಮೆಗಳಿರುವ ಕೊಲ್ಲಿಗೆ ಹೋಗುತ್ತವೆ. ಇದೇ ಹೆಸರಿನ ಇನ್ನೊಂದು ದ್ವೀಪ ಸೇಂಟ್ ಕ್ರಾಯ್ ಪಕ್ಕದಲ್ಲಿದೆ, ಅದು ರಾಷ್ಟ್ರೀಯ ಸ್ಮಾರಕ. ಮಾಹಿತಿ ಓದುವಾಗ ಒಂದನ್ನು ಇನ್ನೊಂದೆಂದುಕೊಳ್ಳಬೇಡಿ. ನೆರೆಯ ಸೇಂಟ್ ಜಾನ್ ದ್ವೀಪದ ಟ್ರಂಕ್ ಬೇಯಲ್ಲಿ ನೀರಿನಡಿ ಫಲಕಗಳನ್ನು ನೆಟ್ಟ ಸ್ನಾರ್ಕೆಲಿಂಗ್ ಹಾದಿಯಿದೆ. ಮರಳಿನ ದಡದಿಂದ ನಡೆದೇ ಇಳಿಯಬಹುದು. ಆದರೆ ಅಲ್ಲಿಗೆ ತಲುಪಲು ವಾಹನ, ಫೆರಿ, ಮತ್ತೆ ವಾಹನ ಬೇಕು. ಬಂದರಿನಲ್ಲಿ ಇಡೀ ದಿನ ಸಿಕ್ಕರೆ ಮಾತ್ರ ಅದಕ್ಕೆ ಕೈಹಾಕಿ. ಬಾರ್ಬಡೋಸ್‌ನ ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಬೇ ಹತ್ತಿರದ್ದು, ಶಾಂತ, ಕಡಲಾಮೆಗಳೂ ಮುಳುಗಿದ ಹಳೆಯ ಹಡಗುಗಳೂ ಒಂದೇ ಕಡೆ ಸಿಗುತ್ತವೆ.

ದಕ್ಷಿಣದ ಬೊನೇರ್‌ನಲ್ಲಿ 1979ರಿಂದಲೇ ಸುತ್ತಲ ಕಡಲು ರಕ್ಷಿತವಾಗಿದೆ. ಹವಳದ ಸೊಗಸಿನಲ್ಲಿ ಅದನ್ನು ಮೀರಿಸುವ ಬಂದರು ಕಡಿಮೆ. ದಡ ಮಾತ್ರ ಬಹುಪಾಲು ಹವಳದ ಚೂರು ಕಲ್ಲುಗಳದ್ದು. ದಪ್ಪ ತಳದ ನೀರಿನ ಬೂಟು ಇಲ್ಲದೆ ಇಳಿಯಲಾಗದು. ಮಂಡಿ ನೋವಿರುವವರಿಗೆ ಅಲ್ಲಿ ದೋಣಿಯೇ ಮೇಲು.

ದಡದಿಂದ ಇಳಿಯುವುದೋ, ದೋಣಿಯಿಂದಲೋ

ಪ್ರವಾಸಗಳನ್ನು ನಾನು ಮೂರು ಬಗೆಯಾಗಿ ನೋಡುತ್ತೇನೆ. ಮೊದಲನೆಯದು ದಡದಿಂದ ಇಳಿಯುವಂಥದ್ದು. ಇಳಿಯುವ ಸಮಯ, ಹತ್ತುವ ಸಮಯ ಎರಡೂ ನಿಮ್ಮ ಕೈಯಲ್ಲಿ. ಯಾರೂ ಅವಸರ ಮಾಡುವುದಿಲ್ಲ. ಮೊದಲ ಬಾರಿ ಮುಖವನ್ನು ನೀರಿಗಿಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೊರತೆಯೆಂದರೆ ದಡದ ಹತ್ತಿರದ ಹವಳ ಸಾಮಾನ್ಯವಾಗಿ ಹೆಚ್ಚು ಸವೆದಿರುತ್ತದೆ, ಮತ್ತು ಗುಂಪಿನ ಮೇಲೆ ಕಣ್ಣಿಡಲು ಮಾರ್ಗದರ್ಶಕರು ಇಲ್ಲದಿರಬಹುದು.

ಎರಡನೆಯದು ದೊಡ್ಡ ಕಟಮರಾನ್. ಎರಡು ತಳಗಳ ಮೇಲೆ ಅಗಲವಾಗಿ ನಿಂತಿರುವ ಈ ದೋಣಿ ಕಡಿಮೆ ಅಲುಗಾಡುತ್ತದೆ. ನೆರಳಿರುತ್ತದೆ, ಶೌಚಾಲಯವಿರುತ್ತದೆ, ಹಿಂಭಾಗದಲ್ಲಿ ಮೆಟ್ಟಿಲುಗಳೋ ಇಳಿಜಾರಾದ ಏಣಿಯೋ ಇರುತ್ತದೆ. ನೀರಿಗಿಳಿಯದವರೂ ಬಂದು ಕೂತು ಗಾಳಿ ಸೇವಿಸಬಹುದು. ಕುಟುಂಬಗಳಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಆದರೆ ಜನ ಜಾಸ್ತಿ, ಕೆಲವದರಲ್ಲಿ ಸಂಗೀತವೂ ರಮ್ ಪಂಚ್ ಸರಬರಾಜೂ ಜಾಸ್ತಿ. ವಿವರಣೆಯಲ್ಲಿ ಪಾರ್ಟಿ ಎಂಬ ಪದ ಕಂಡರೆ ಅಪ್ಪ ಅಮ್ಮನಿಗೆ ಅದು ಒಗ್ಗುವುದೇ ಎಂದು ಯೋಚಿಸಿ. ಮದ್ಯವನ್ನು ಸ್ನಾರ್ಕೆಲಿಂಗ್ ಮುಗಿದ ಮೇಲಷ್ಟೇ ಕೊಡುವ ದೋಣಿಗಳನ್ನೇ ಆರಿಸಿ. ನೀರಿಗಿಳಿಯುವ ಮುಂಚೆ ಗ್ಲಾಸು ಕೈಗೆ ಕೊಡುವವರು ಸುರಕ್ಷತೆಯ ಬಗ್ಗೆ ಏನು ಯೋಚಿಸುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೂರನೆಯದು ಚಿಕ್ಕ ವೇಗದ ದೋಣಿ ಅಥವಾ ಗಾಳಿ ತುಂಬಿದ ರಬ್ಬರ್ ಬದಿಗಳ ದೋಣಿ. ಗುಂಪು ಚಿಕ್ಕದು, ಮಾರ್ಗದರ್ಶಕರ ಗಮನ ಹೆಚ್ಚು, ಒಳ್ಳೆಯ ಹವಳಕ್ಕೆ ಬೇಗ ತಲುಪಿಸುತ್ತದೆ. ಅಲೆಯ ಮೇಲೆ ಅದು ಕುಟ್ಟುವ ಪೆಟ್ಟು ಬೆನ್ನುಮೂಳೆಗೆ ನೇರ. ಗರ್ಭಿಣಿಯರು, ಬೆನ್ನು ನೋವಿನವರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ದೂರವಿರಬೇಕು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ನಾರ್ಕೆಲಿಂಗ್ ಮಾಡಿದವರಿಗೆ ದೋಣಿಯಿಂದ ನೇರವಾಗಿ ಆಳದ ನೀರಿಗೆ ಇಳಿಯುವುದು ಹೇಗಿರುತ್ತದೆಂದು ಗೊತ್ತಿರುತ್ತದೆ. ಉಳಿದವರು ಇದನ್ನು ಮೊದಲ ಅನುಭವವಾಗಿ ಇಟ್ಟುಕೊಳ್ಳಬಾರದು.

ಹಣ ಕಟ್ಟುವ ಮುಂಚೆ ಕೇಳಬೇಕಾದದ್ದು

ಕ್ರೂಸ್ ಕಂಪನಿಗಳು ಪ್ರತಿ ಪ್ರವಾಸಕ್ಕೂ ಸುಲಭ, ಮಧ್ಯಮ, ಕಷ್ಟ ಎಂಬ ಗುರುತು ಹಾಕಿರುತ್ತವೆ. ಅದಷ್ಟನ್ನೇ ನಂಬಿ ಕೂರಬೇಡಿ, ಕೆಳಗಿನ ಸಣ್ಣಕ್ಷರದ ವಿವರಣೆಯನ್ನು ಪೂರ್ತಿ ಓದಿ. ‘ನಾಲ್ಕು ಗಂಟೆಯ ಪ್ರವಾಸ’ ಎಂದಿದ್ದರೆ ನೀರಿನಲ್ಲಿರುವುದು ಎಷ್ಟು ಹೊತ್ತು? ಒಮ್ಮೊಮ್ಮೆ ಮುಕ್ಕಾಲು ಗಂಟೆಯೂ ಇರುವುದಿಲ್ಲ. ಹೊಸಬರಿಗೆ ಅಷ್ಟೇ ಸಾಕು, ಅನುಭವಿಗಳಿಗೆ ನಿರಾಸೆ.

ಪ್ರವಾಸ ನಡೆಸುವವರಿಗೆ ಬರೆದು ಕೇಳಿ. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ? ಅವರು ನೀರಿನಲ್ಲಿ ಜೊತೆಗೆ ಬರುತ್ತಾರೋ, ದೋಣಿಯ ಮೇಲೇ ನಿಂತಿರುತ್ತಾರೋ? ದಣಿದವರು ಹಿಡಿದುಕೊಳ್ಳಲು ತೇಲುವ ಬಳೆಯನ್ನು ಜೊತೆಗೆ ಎಳೆದು ತರುತ್ತಾರೋ? ಏಣಿಗೆ ಎಷ್ಟು ಮೆಟ್ಟಿಲು, ಅದು ನೀರಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ? ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಏಣಿ ನೀರಿನ ಮೇಲ್ಮಟ್ಟದಲ್ಲೇ ಮುಗಿದರೆ ತೋಳಿನ ಬಲದಿಂದ ಮೈಯನ್ನು ಎತ್ತಿಕೊಳ್ಳಬೇಕಾಗುತ್ತದೆ, ಅರವತ್ತು ದಾಟಿದ ಹೆಚ್ಚಿನವರಿಗೆ ಅದು ಆಗದ ಕೆಲಸ. ಉತ್ತರ ಕೊಡಲು ಬೇಸರಪಡುವವರನ್ನು ಬಿಟ್ಟುಬಿಡಿ.

ಈ ಹಿಂದೆ ಹೋಗಿ ಬಂದವರ ಅಭಿಪ್ರಾಯಗಳನ್ನು ಓದುವಾಗ ‘ಬಹಳ ಚೆನ್ನಾಗಿತ್ತು’ ಎನ್ನುವವುಗಳನ್ನು ದಾಟಿ, ಮಕ್ಕಳೊಂದಿಗೆ ಹೋದವರು, ವಯಸ್ಸಾದವರು, ಈಜು ಬಾರದವರು ಬರೆದದ್ದನ್ನು ಹುಡುಕಿ. ನೀವು ಹೋಗುವ ತಿಂಗಳಲ್ಲೇ ಬರೆದದ್ದಾದರೆ ಇನ್ನೂ ಒಳ್ಳೆಯದು.

ಹವಳದ ಬಗ್ಗೆಯೂ ನಿರೀಕ್ಷೆಯನ್ನು ಸರಿಯಾಗಿಟ್ಟುಕೊಳ್ಳಿ. 2014ರಲ್ಲಿ ಫ್ಲೋರಿಡಾದಲ್ಲಿ ಮೊದಲು ಕಂಡ, ಕಲ್ಲುಹವಳದ ಅಂಗಾಂಶವನ್ನೇ ತಿನ್ನುವ ರೋಗ 2018ರ ಹೊತ್ತಿಗೆ ಮೆಕ್ಸಿಕೋದ ಕೆರಿಬಿಯನ್ ಕರಾವಳಿಯನ್ನೂ ತಲುಪಿತು. 2023ರ ಬಿಸಿನೀರಿನ ಬೇಸಿಗೆಯಲ್ಲಿ ಬಹಳ ಕಡೆ ಹವಳ ಬಿಳಿಚಿಕೊಂಡಿತು. ಹಳೆಯ ಫೋಟೋಗಳ ಬಣ್ಣ ಎಲ್ಲೆಡೆ ಸಿಗುವುದಿಲ್ಲ. ಮೀನು, ಕಡಲಾಮೆ, ತೊರಕೆಗಳು ಈಗಲೂ ಮನಸ್ಸು ತುಂಬುವಷ್ಟಿವೆ.

ಹಡಗಿನ ಮೂಲಕವೋ, ಹೊರಗಿನಿಂದಲೋ

ಹೊರಗಿನವರ ದರ ಸಾಮಾನ್ಯವಾಗಿ ಕಡಿಮೆ, ಗುಂಪೂ ಚಿಕ್ಕದು. ಹಡಗಿನ ಮೂಲಕ ಕಾದಿರಿಸಿದರೆ ಪ್ರವಾಸ ತಡವಾದರೂ ಹಡಗು ಕಾಯುತ್ತದೆ ಅಥವಾ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊರುತ್ತದೆ, ಹವಾಮಾನದಿಂದ ಬಂದರೇ ತಪ್ಪಿಹೋದರೆ ಹಣ ಮರಳುತ್ತದೆ. ನನ್ನ ತೀರ್ಮಾನ ಹೀಗೆ: ಬೆಲೀಜ್, ಗ್ರ್ಯಾಂಡ್ ಕೇಮನ್‌ನಂಥ ಟೆಂಡರ್ ಬಂದರುಗಳಲ್ಲಿ ಹಡಗಿನ ಮೂಲಕವೇ ಹೋಗಿ. ಅಲ್ಲಿ ಹಡಗಿನ ಪ್ರವಾಸದವರಿಗೆ ಟೆಂಡರ್‌ನಲ್ಲಿ ಮೊದಲ ಸರದಿ ಸಿಗುವುದೂ ಒಂದು ಲಾಭ. ಕೊಜುಮೆಲ್, ರೊಆಟಾನ್, ಬಾರ್ಬಡೋಸ್‌ಗಳಲ್ಲಿ ಹೊರಗಿನವರ ಬಳಿ ಧೈರ್ಯವಾಗಿ ಹೋಗಬಹುದು, ಹಡಗು ತಪ್ಪಿದ ಬಂದರಿಗೆ ಹಣ ಮರಳಿಸುತ್ತೇವೆ ಎಂದು ಬರಹದಲ್ಲಿ ಕೊಟ್ಟಿದ್ದರೆ.

ಹೊರಗಿನವರೊಂದಿಗೆ ಹೋಗುವಾಗ ಗಡಿಯಾರದ ಬಗ್ಗೆ ಬಹಳ ಎಚ್ಚರ ಬೇಕು. ಕೊಜುಮೆಲ್ ಇರುವ ಕಿಂತಾನಾ ರೋ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯವನ್ನು ಇಟ್ಟುಕೊಂಡಿದೆ, ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕುವುದಿಲ್ಲ. ಫ್ಲೋರಿಡಾದಿಂದ ಬೇಸಿಗೆಯಲ್ಲಿ ಹೊರಟ ಹಡಗು ತನ್ನ ಸಮಯವನ್ನು ಬದಲಿಸದಿದ್ದರೆ, ಹಡಗಿನಲ್ಲಿ ಮೂರು ಗಂಟೆಯಾದಾಗ ದಡದಲ್ಲಿ ಎರಡು. ಮೊಬೈಲ್ ತಾನಾಗಿಯೇ ದಡದ ಸಮಯಕ್ಕೆ ಬದಲಾಗುತ್ತದೆ, ನೀವು ಇನ್ನೂ ಒಂದು ಗಂಟೆಯಿದೆ ಎಂದುಕೊಂಡು ತಿಂಡಿ ತಿನ್ನುತ್ತಾ ಕೂತಿರುತ್ತೀರಿ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡು ಅದನ್ನಷ್ಟೇ ನೋಡಿ. ಪ್ರವಾಸ ಮುಗಿಯುವುದಕ್ಕೂ ಹಡಗು ಹತ್ತಲು ಕೊಟ್ಟ ಕೊನೆಯ ಗಳಿಗೆಗೂ ನಡುವೆ ಎರಡು ಗಂಟೆಯಾದರೂ ಇರಲಿ.

ಬೆಳಗಿನ ಪ್ರವಾಸವನ್ನೇ ಆರಿಸಿ. ಮಧ್ಯಾಹ್ನಕ್ಕಿಂತ ಗಾಳಿ ಕಡಿಮೆ, ನೀರು ತಿಳಿ, ಬಿಸಿಲೂ ಅಷ್ಟು ಸುಡುವುದಿಲ್ಲ. ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದಾಗ ಪಶ್ಚಿಮ ಕೆರಿಬಿಯನ್ ಬಂದರುಗಳು ಕೆಲವೊಮ್ಮೆ ರದ್ದಾಗುತ್ತವೆ. ವಸಂತ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿಯಾಗಿ ಪೂರ್ವಕ್ಕೆ ಮುಖಮಾಡಿದ ದಡಗಳಿಗೆ ಬಂದು ಬೀಳುತ್ತದೆ. ಕೊಜುಮೆಲ್‌ನ ಪಶ್ಚಿಮ ದಡ ಬಹುಮಟ್ಟಿಗೆ ಅದರಿಂದ ಪಾರಾಗುತ್ತದೆ.

ಮಾಸ್ಕ್, ತೇಲುವ ಅಂಗಿ, ಬಟ್ಟೆ

ಬಾಡಿಗೆಗೆ ಕೊಡುವ ಎಲ್ಲ ಸಾಮಾನನ್ನು ಒಪ್ಪಬಹುದು, ಮಾಸ್ಕ್ ಒಂದನ್ನು ಬಿಟ್ಟು. ಸ್ನಾರ್ಕೆಲಿಂಗ್ ಹಾಳಾಗುವುದು ಹೆಚ್ಚಾಗಿ ನೀರು ಸೋರುವ ಮಾಸ್ಕಿನಿಂದ. ಮೂಗಿಗೆ ಉಪ್ಪುನೀರು ನುಗ್ಗಿದ ಮರುಕ್ಷಣವೇ ಹೊಸಬರು ಇನ್ನು ಸಾಕು ಎನ್ನುತ್ತಾರೆ. ಅಂಗಡಿಯಲ್ಲಿ ಪಟ್ಟಿಯನ್ನು ಹಾಕಿಕೊಳ್ಳದೆ ಮಾಸ್ಕನ್ನು ಬರೀ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ್ದು. ಹಣೆಯ ಕೂದಲು ಒಳಗೆ ಸಿಕ್ಕಿಕೊಂಡರೆ ಯಾವ ಮಾಸ್ಕೂ ಸೋರುತ್ತದೆ, ಹೆಂಗಸರು ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಲಿ. ಮೀಸೆಯಿಂದಲೂ ಸೋರುತ್ತದೆ. ಅಪ್ಪನಿಗೆ ಮೀಸೆ ತೆಗೆಯಿರಿ ಎಂದು ಹೇಳುವ ಅಗತ್ಯವಿಲ್ಲ, ಸಿಲಿಕೋನ್ ಮಾಸ್ಕ್ ಆದರೆ ಮೀಸೆಯ ಮೇಲ್ಭಾಗಕ್ಕೆ ತುಸು ವ್ಯಾಸಲೀನ್ ಸವರಿದರೆ ಬಹಳಮಟ್ಟಿಗೆ ನಿಲ್ಲುತ್ತದೆ. ಕನ್ನಡಕ ಹಾಕುವವರಿಗೆ ಪವರ್ ಗಾಜಿರುವ ಮಾಸ್ಕುಗಳು ಸಿಗುತ್ತವೆ. ದೂರದೃಷ್ಟಿ ಮಸುಕಾದವರಿಗೆ ಅದನ್ನು ಕೊಡಿಸಿ, ಆ ಖರ್ಚು ಖಂಡಿತ ಸಾರ್ಥಕ.

ಇಡೀ ಮುಖ ಮುಚ್ಚುವ ಮಾಸ್ಕನ್ನು ನಾನು ಬೇಡವೆನ್ನುತ್ತೇನೆ. ಮೂಗಿನಿಂದ ಉಸಿರಾಡಬಹುದು ಎಂಬ ಆಸೆಗೆ ಜನ ಕೊಳ್ಳುತ್ತಾರೆ. ಗಾಬರಿಯಾದಾಗ ಸಾಮಾನ್ಯ ಕೊಳವೆಯನ್ನಾದರೆ ಬಾಯಿಂದ ಉಗುಳಿಬಿಡಬಹುದು, ಇದನ್ನು ತಲೆಯ ಹಿಂದಿನ ಪಟ್ಟಿ ಬಿಡಿಸಿ ಕಿತ್ತು ತೆಗೆಯಬೇಕು. ಇದನ್ನು ತರಲೇಬೇಡಿ ಎನ್ನುವ ಪ್ರವಾಸದವರೂ ಇದ್ದಾರೆ.

ತೇಲುವುದಕ್ಕೆ ಮೂರು ಬಗೆಯ ಸಾಧನ ಕೊಡುತ್ತಾರೆ. ಕಿತ್ತಳೆ ಬಣ್ಣದ ದಪ್ಪ ಲೈಫ್ ಜಾಕೆಟ್ ಜೀವ ಉಳಿಸಲು ಒಳ್ಳೆಯದು, ಆದರೆ ಅದು ಮೈಯನ್ನು ಮಲಗಿಸಿ ಮುಖವನ್ನು ಮೇಲಕ್ಕೆ ತಿರುಗಿಸಲು ನೋಡುತ್ತದೆ, ಕೆಳಗೆ ನೋಡಲು ಒದ್ದಾಡಬೇಕಾಗುತ್ತದೆ. ಕತ್ತಿಗೆ ಹಾಕಿಕೊಂಡು ಬಾಯಿಂದ ಊದುವ ಸ್ನಾರ್ಕೆಲ್ ವೆಸ್ಟ್ ಬೇಕಾದಷ್ಟೇ ಗಾಳಿ ತುಂಬಲು ಬಿಡುತ್ತದೆ. ಸೊಂಟಕ್ಕೆ ಕಟ್ಟುವ ಫೋಮ್ ಪಟ್ಟಿ ಮೈಯನ್ನು ಮಟ್ಟಸವಾಗಿ ಮಕಾಡೆ ತೇಲಿಸುತ್ತದೆ. ನೀರಿಗೆ ಹೊಂದಿಕೊಂಡ ಹೊಸಬರಿಗೆ ನನ್ನ ಮೆಚ್ಚಿನದು ವೆಸ್ಟ್ ಮತ್ತು ಪಟ್ಟಿ ಎರಡೂ ಒಟ್ಟಿಗೆ. ಈಜು ಬಾರದವರು ಮಾರ್ಗದರ್ಶಕರು ಹೇಳಿದ್ದನ್ನೇ ಹಾಕಿಕೊಳ್ಳಬೇಕು, ವಾದ ಬೇಡ.

ಬಟ್ಟೆಯ ಸಂಕೋಚದಿಂದಲೇ ನಮ್ಮ ಎಷ್ಟೋ ತಾಯಂದಿರು ನೀರಿಗಿಳಿಯುವುದಿಲ್ಲ. ತುಂಬುತೋಳಿನ ಈಜುಅಂಗಿ ಮತ್ತು ಕಣಕಾಲಿನವರೆಗಿನ ಈಜು ಲೆಗ್ಗಿಂಗ್ಸ್ ತೊಟ್ಟರೆ ಮೈಯೂ ಮುಚ್ಚುತ್ತದೆ, ಬಿಸಿಲಿನಿಂದ ಬೆನ್ನೂ ಉಳಿಯುತ್ತದೆ. ಕೆರಿಬಿಯನ್‌ನಲ್ಲಿ ಹೀಗೆ ಇಳಿಯುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಹತ್ತಿಯ ಚೂಡಿದಾರ್, ಟೀ ಶರ್ಟ್ ಮಾತ್ರ ಬೇಡ, ನೀರು ಕುಡಿದು ಭಾರವಾಗುತ್ತವೆ. ಕರಿಮಣಿ, ಬಳೆ, ಉಂಗುರಗಳನ್ನು ಹಡಗಿನ ಕೋಣೆಯ ತಿಜೋರಿಯಲ್ಲಿಟ್ಟು ಬನ್ನಿ. ಜಾರಿ ಹೋಗುತ್ತವೆ, ಹೊಳೆಯುವ ಒಡವೆಗೆ ಬರಾಕುಡಾ ಮೀನು ಆಕರ್ಷಿತವಾಗುವುದೂ ಉಂಟು.

ಮೈ ಮುಚ್ಚಿದ್ದರೆ ಸನ್‌ಸ್ಕ್ರೀನ್ ಅಗತ್ಯವೂ ಕಡಿಮೆ. ಹಚ್ಚಿಕೊಳ್ಳುವುದಾದರೆ ಜಿಂಕ್ ಆಕ್ಸೈಡ್ ಇರುವ ಖನಿಜದ ಬಗೆಯದ್ದನ್ನೇ ತನ್ನಿ. ಸೇಂಟ್ ಥಾಮಸ್, ಸೇಂಟ್ ಜಾನ್ ಸೇರಿದ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವ ಸನ್‌ಸ್ಕ್ರೀನ್‌ಗಳಿಗೆ 2020ರಿಂದ ನಿಷೇಧವಿದೆ. ಬೊನೇರ್‌ನಲ್ಲಿ ಮೊದಲ ಎರಡಕ್ಕೆ 2021ರಿಂದ. ಕೊಜುಮೆಲ್‌ನ ರಕ್ಷಿತ ಕಡಲಿಗೆ ಹೋಗುವ ದೋಣಿಗಳಲ್ಲಿ ಏನನ್ನೂ ಹಚ್ಚಿಕೊಳ್ಳಬೇಡಿ ಎಂದೇ ಹೇಳುವವರಿದ್ದಾರೆ.

ಹೊರಡುವ ಮುಂಚೆ ಒಂದು ಕೊಳದಲ್ಲಿ

ಹಡಗು ಹತ್ತುವ ವಾರದ ಮೊದಲು ಊರಿನ ಈಜುಕೊಳಕ್ಕೆ ಎಲ್ಲರನ್ನೂ ಕರೆದೊಯ್ಯಿರಿ. ಎದೆಮಟ್ಟದ ನೀರಿನಲ್ಲಿ ನಿಂತು, ಮುಖ ಮುಳುಗಿಸಿ, ಬಾಯಿಂದ ನಿಧಾನವಾಗಿ ಉಸಿರಾಡುತ್ತಾ ಕೆಲವು ನಿಮಿಷ ಇರಲಿ. ಇಷ್ಟು ಆಗದವರಿಗೆ ಕಡಲಿನಲ್ಲೂ ಆಗದು, ಮತ್ತೊಮ್ಮೆ ಮಾಡಿಸಿ. ಆಮೇಲೆ ಕೊಳವೆಗೆ ನೀರು ಬಂದಾಗ ಒಮ್ಮೆಲೇ ಜೋರಾಗಿ ಊದಿ ಹೊರಹಾಕುವುದು, ಮಾಸ್ಕಿಗೆ ನೀರು ಬಂದಾಗ ಮೇಲಂಚನ್ನು ಒತ್ತಿ ಹಿಡಿದು ಮೂಗಿನಿಂದ ಊದುವುದು, ಬೆನ್ನ ಮೇಲೆ ಹೊರಳಿ ತೇಲುವುದು, ಈ ಮೂರನ್ನು ಕಲಿಸಿ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ಗಾಬರಿಯಾದಾಗ ಉಳಿಸುವುದು ಅದೇ.

ಆ ದಿನ

ಬೆಳಿಗ್ಗೆ ಹಡಗಿನ ಬಫೆಯಲ್ಲಿ ಕರಿದದ್ದನ್ನು ಬಿಟ್ಟು ಬ್ರೆಡ್ಡು, ಬಾಳೆಹಣ್ಣಿನಂಥ ಹಗುರದ್ದನ್ನು ತಿನ್ನಿ. ಬರಿಹೊಟ್ಟೆಯೂ ವಾಕರಿಕೆ ತರುತ್ತದೆ. ವಾಂತಿಯಾಗುವವರು ಮೆಕ್ಲಿಜಿನ್‌ನಂಥ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ವಾಕರಿಕೆ ಶುರುವಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಇಂಥ ಮಾತ್ರೆಯ ಬಗ್ಗೆ ಮೊದಲೇ ವೈದ್ಯರಲ್ಲಿ ವಿಚಾರಿಸಿರಲಿ. ಪ್ರವಾಸದಲ್ಲಿ ಕೊಡುವ ಊಟ ಸಸ್ಯಾಹಾರಿಗಳಿಗೆ ಸಿಗುವುದು ಕಷ್ಟ. ಅಂಗಡಿಯಲ್ಲಿ ಕೊಂಡ, ಒಡೆಯದ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಳ್ಳಿ. ಹಡಗಿನಿಂದ ಹಣ್ಣು ಮತ್ತು ಬೇಯಿಸಿದ ಊಟವನ್ನು ದಡಕ್ಕೆ ಒಯ್ಯಲು ಬಿಡುವುದಿಲ್ಲ.

ದೋಣಿಯಲ್ಲಿ ಸುರಕ್ಷತೆಯ ಮಾತು ಮುಗಿದ ಮೇಲೆ ಮಾರ್ಗದರ್ಶಕರ ಬಳಿ ಹೋಗಿ, ‘ಇವರು ನಮ್ಮ ತಾಯಿ, ಈಜು ಬರುವುದಿಲ್ಲ, ಸ್ವಲ್ಪ ನೋಡಿಕೊಳ್ಳಿ’ ಎಂದು ಕೈತೋರಿಸಿ ಹೇಳಿ. ಹೇಳಿಕೊಳ್ಳಲು ಸಂಕೋಚ ಬೇಡ. ಅವರಿಗೂ ಅದರಿಂದ ಕೆಲಸ ಸುಲಭವಾಗುತ್ತದೆ. ನೀರಿಗೆ ಕೊನೆಯಲ್ಲಿ ಇಳಿಯಿರಿ, ಏಣಿಯ ಸುತ್ತ, ಕಾಲಿಗೆ ತೊಡುವ ಈಜುರೆಕ್ಕೆಗಳಾದ ಫಿನ್‌ಗಳ ಒದೆತ ಕಡಿಮೆಯಾದ ಮೇಲೆ. ಇಳಿದ ಕೂಡಲೇ ಈಜಲು ಹೊರಡದೆ ಏಣಿಯನ್ನೋ ಹಗ್ಗವನ್ನೋ ಹಿಡಿದು, ಮುಖ ಮುಳುಗಿಸಿ, ಉಸಿರು ಹದಕ್ಕೆ ಬರುವವರೆಗೆ ಅಲ್ಲೇ ಇರಿ. ಈಜು ಬಲ್ಲವರು ಒಬ್ಬೊಬ್ಬ ಹೊಸಬರ ಪಕ್ಕದಲ್ಲಿ ಒಬ್ಬರಂತೆ ಕೈಗೆಟಕುವ ದೂರದಲ್ಲಿರಲಿ. ಹವಳದ ಮೇಲೆ ನಿಲ್ಲಬಾರದು, ಮುಟ್ಟಲೂಬಾರದು. ನೀವು ಒಂದು ಕ್ಷಣ ನಿಂತರೆ ಮುರಿಯುವುದು ವರ್ಷಗಟ್ಟಲೆ ಬೆಳೆದ ಜೀವ. ಬೆಂಕಿಹವಳವನ್ನು ಮುಟ್ಟಿದರೆ ಚರ್ಮ ಉರಿದೆದ್ದು ನಿಮಗೂ ಶಿಕ್ಷೆಯಾಗುತ್ತದೆ.

ಇದ್ದಕ್ಕಿದ್ದಂತೆ ಉಸಿರು ಸಾಲದೆ ಹೋದರೆ, ಕೈಕಾಲು ಸೋತಂತಾದರೆ, ಸ್ವಲ್ಪ ನೋಡೋಣ ಎಂದು ಮುಂದುವರಿಯಬೇಡಿ. ಕೊಳವೆ ಉಗುಳಿ, ಬೆನ್ನ ಮೇಲೆ ಹೊರಳಿ, ಕೈಯೆತ್ತಿ ಬೀಸಿ ದೋಣಿಯವರನ್ನು ಕರೆಯಿರಿ. ದಣಿವಾದರೆ ಹೊರಟ ಜಾಗಕ್ಕೆ ಮರಳಲು ಸೆಳೆತದ ಎದುರು ಈಜಬೇಡಿ, ದೋಣಿಯೇ ಬರುತ್ತದೆ.

ಹಿಂದಿರುಗಿ ಏಣಿ ಹತ್ತುವಾಗ ಮೊದಲು ಒಂದು ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರಲ್ಲಿ ಫಿನ್‌ಗಳನ್ನು ಬಿಚ್ಚಿ ಮೇಲಿನವರ ಕೈಗೆ ಕೊಡಿ. ಮಾಸ್ಕನ್ನು ಮಾತ್ರ ಮುಖದ ಮೇಲೇ ಇರಿಸಿಕೊಳ್ಳಿ, ಏಣಿಯಿಂದ ಜಾರಿದರೂ ಕಣ್ಣಿಗೂ ಮೂಗಿಗೂ ನೀರು ನುಗ್ಗುವುದಿಲ್ಲ. ಅಲೆ ದೋಣಿಯನ್ನು ಎತ್ತಿ ಇಳಿಸುವುದನ್ನು ನೋಡಿ, ಅದು ಕೆಳಗಿಳಿದ ಗಳಿಗೆಯಲ್ಲಿ ಕಾಲನ್ನು ಮೆಟ್ಟಿಲ ಮೇಲಿಡಿ. ಅಪ್ಪ ಅಮ್ಮ ಹತ್ತುವಾಗ ನೀವು ಏಣಿಯ ನೇರ ಕೆಳಗಿರದೆ ಪಕ್ಕದಲ್ಲಿರಿ, ಮೇಲೆ ಕೈಹಿಡಿಯಲು ದೋಣಿಯವರು ಇರುತ್ತಾರೆ. ಅವರು ಪೂರ್ತಿ ಹತ್ತಿ ಕೂತ ಮೇಲೆ ನಿಮ್ಮ ಸರದಿ.